ಮುಟ್ಟಿತು, ಚುಚ್ಚಲಿಲ್ಲ

ವೇದಿಕೆಯ ಮೇಲಿರುವ ಸನ್ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ನಿವೃತ್ತ ನ್ಯಾಯಾಧೀಶರೇ, ನಮ್ಮ ಸಂಶೋಧನಾ ಕೇಂದ್ರದ ನಿರ್ದೇಶಕರೇ, ಸಹೋದ್ಯೋಗಿಗಳೇ, ಮಕ್ಕಳನ್ನು ಕರೆದುಕೊಂಡು ಎಲ್ಲೆಲ್ಲಿಂದಲೋ ಬಂದಿರುವ ತಂದೆತಾಯಿಯರೇ, ಕಾಫಿ ಯಾವಾಗ ಎಂದು ಈಗಾಗಲೇ ಬಾಗಿಲ ಕಡೆಗೆ ಕಣ್ಣು ಹಾಯಿಸುತ್ತಿರುವ ಹಿಂದಿನ ಸಾಲಿನ ಸಭಿಕರೇ,

ಮೊದಲು ಒಂದು ಮಾತಿಗೆ ನಿಮ್ಮ ಕ್ಷಮೆ ಬೇಕು. ಸಭೆಯಲ್ಲಿ ಫೋನು ನೋಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಇದು ಚೆನ್ನಾಗಿ ಗೊತ್ತು. ಎರಡನೆಯ ಸಾಲಿನಲ್ಲಿ ಕೂತು ನಗುತ್ತಿದ್ದಾರೆ, ನಗಲಿ. ಇಂದು ನನ್ನದೇ ಫೋನು ಈ ಮೈಕಿನ ಪಕ್ಕದಲ್ಲಿ ಅಂಗಾತ ಮಲಗಿದೆ. ಅಧ್ಯಕ್ಷರ ಅಪ್ಪಣೆ ಪಡೆದೇ ಇಟ್ಟಿದ್ದೇನೆ. ಕಾರಣವನ್ನೂ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿ ಒಂದನ್ನು ಇಟ್ಟುಕೊಂಡು ಬಾಯಲ್ಲಿ ಇನ್ನೊಂದನ್ನು ಆಡುವುದು ನನ್ನಿಂದ ಆಗುವ ಕೆಲಸವಲ್ಲ.

ಮೊನ್ನೆ ನನ್ನ ತಂಗಿಗೆ ಗಂಡು ಮಗು ಹುಟ್ಟಿದೆ. ಹೊಡೆಯಿರಿ, ಚಪ್ಪಾಳೆ ಧಾರಾಳವಾಗಿ ಹೊಡೆಯಿರಿ! ನಾವು ಇಲ್ಲಿ ಸಭೆ ಸೇರಿರುವ ಈ ಹೊತ್ತಿನಲ್ಲೇ, ನಾಲ್ಕು ಬೀದಿ ಆಚೆಗಿರುವ ಹೆರಿಗೆ ಆಸ್ಪತ್ರೆಯಲ್ಲಿ, ಒಬ್ಬ ನರ್ಸಮ್ಮ ಸಣ್ಣ ಟ್ರೇ ಹಿಡಿದುಕೊಂಡು ಮಂಚದಿಂದ ಮಂಚಕ್ಕೆ ಬರುತ್ತಿದ್ದಾರೆ. ಹುಟ್ಟಿದ ಮಗುವಿನ ಹಿಮ್ಮಡಿಗೆ ಸೂಜಿ ತಾಗಿಸಿ ಒಂದೆರಡು ಹನಿ ರಕ್ತ ತೆಗೆಯುತ್ತಾರಲ್ಲ, ಅದು. ಆಗ ಎಲ್ಲ ತಾಯಂದಿರೂ ಮುಖ ಆಚೆ ತಿರುಗಿಸುತ್ತಾರೆ, ಮಗು ಅಳದಿರಲಪ್ಪಾ ಎನ್ನುತ್ತಾರೆ. ನನ್ನ ತಂಗಿ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಾ ಕೂತಿರುತ್ತಾಳೆ, ಮಗು ಅತ್ತೀತೇ ಎಂದು. ಏಕೆಂದರೆ ನನ್ನ ತಂಗಿಗೆ ಮೈನೋವು ಎಂದರೇನೆಂದು ಗೊತ್ತಿಲ್ಲ. ಹುಟ್ಟಿದಾಗಿನಿಂದ ಗೊತ್ತಿಲ್ಲ. ಅವಳ ಮಗನಿಗೆ ಗೊತ್ತೋ ಇಲ್ಲವೋ, ಇನ್ನು ಸ್ವಲ್ಪ ಹೊತ್ತಿಗೆ ತಿಳಿಯುತ್ತದೆ. ಅವಳು ನನಗೆ ಸಂದೇಶ ಕಳಿಸುತ್ತಾಳೆ. ಆದ್ದರಿಂದ ಇಂದು ನನ್ನ ಮಾತು ಅಲ್ಲಲ್ಲಿ ಹಳಿ ತಪ್ಪಿದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಇಂದು ನನಗೆ ಕೊಟ್ಟ ಈ ಫಲಕದ ಮೇಲೆ ಏನು ಕೆತ್ತಿದ್ದಾರೆ ನೋಡಿ: ‘ಸಂವೇದನೆಯ ಹಾಗೂ ಸ್ವಯಂಚಾಲಿತ ನರಗಳ ಆನುವಂಶಿಕ ಕಾಯಿಲೆಗಳ ಸಂಶೋಧನೆಗಾಗಿ.’ ಒಂದೇ ಉಸಿರಿನಲ್ಲಿ ಓದಿದರೆ ಓದಿದವರಿಗೇ ಸನ್ಮಾನ ಮಾಡಬೇಕು! ಇದನ್ನು ನಾನು ನಮ್ಮ ಮನೆಯ ಮಾತಿನಲ್ಲಿ ಹೇಳುತ್ತೇನೆ. ನಮ್ಮ ಮೈಯಲ್ಲಿ ಕೆಲವು ನರಗಳು ಸುದ್ದಿ ತರುತ್ತವೆ: ಮುಟ್ಟಿತು, ಸುಟ್ಟಿತು, ಕೊರೆಯಿತು, ಚುಚ್ಚಿತು. ಕೆಲವು ನರಗಳು ನಮ್ಮನ್ನು ಒಂದು ಮಾತೂ ಕೇಳದೆ ಮನೆವಾರ್ತೆ ನೋಡಿಕೊಳ್ಳುತ್ತವೆ: ಬೆವರು, ಎದೆಬಡಿತ, ರಕ್ತದೊತ್ತಡ. ಕೆಲವು ಮಕ್ಕಳಲ್ಲಿ ಈ ನರಗಳು ಹುಟ್ಟುವಾಗಲೇ ಬೆಳೆದಿರುವುದಿಲ್ಲ. ನನ್ನ ತಂಗಿಗೆ ನೋವಿಲ್ಲ, ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ, ಬೆವರು ಬರುವುದಿಲ್ಲ. ಆದರೆ ಮುಟ್ಟಿದ್ದು ಗೊತ್ತಾಗುತ್ತದೆ. ಈ ಕಡೆಯ ಮಾತನ್ನು ನೆನಪಿಟ್ಟುಕೊಳ್ಳಿ, ಇಂದಿನ ಇಡೀ ಕಥೆ ಇದರ ಮೇಲೆಯೇ ನಿಂತಿದೆ.

‘ನೋವೇ ಇಲ್ಲವೇ? ಪುಣ್ಯವಂತೆ!’ ಎನ್ನುತ್ತಾರೆ ಜನ. ಪುಣ್ಯವೇ? ಹಲ್ಲು ಬಂದ ವರ್ಷ ತನ್ನ ನಾಲಿಗೆಯನ್ನೇ ಕಚ್ಚಿಕೊಂಡ ಮಗುವನ್ನು ನೀವು ನೋಡಿದ್ದೀರಾ? ಮುರಿದ ಪಾದದ ಮೇಲೆ ಕುಂಟದೆ ಶಾಲೆಗೆ ಹೋಗಿ ಬಂದವಳನ್ನು ನೋಡಿದ್ದೀರಾ? ನೋವು ಕಾವಲುಗಾರ, ಸ್ವಾಮಿ. ಬೊಬ್ಬೆ ಹಾಕುತ್ತಾನೆ, ನಿದ್ದೆ ಕೆಡಿಸುತ್ತಾನೆ, ಆದರೂ ಅವನನ್ನು ಮನೆಯಿಂದ ಓಡಿಸಬಾರದು.

ನಮ್ಮ ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ, ನೆಲದ ತುಂಬ ಚಿಂದಿ, ಚಿಂದಿಯ ತುಂಬ ಗುಂಡುಸೂಜಿ. ಇಂಥ ಮನೆಯಲ್ಲೇ ಇಂಥ ಮಗಳು ಹುಟ್ಟಬೇಕೇ? ನಾನು ನೆಲದ ಮೇಲೆ ನೋಡಿ ನೋಡಿ ಕಾಲಿಡುತ್ತಿದ್ದೆ. ಅವಳು ರಾಣಿಯ ಹಾಗೆ ನಡೆದುಹೋಗುತ್ತಿದ್ದಳು. ಸಂಜೆ ಅಮ್ಮ ಅವಳ ಅಂಗಾಲು ತಿರುಗಿಸಿ ಸೂಜಿ ಕೀಳುತ್ತಿದ್ದರು. ಅಳತೆ ಕೊಡಲು ಬಂದ ಗಿರಾಕಿಗಳು ಅವಳಿಗೆ ಗುಂಡುಸೂಜಿ ಎಂದೇ ಹೆಸರಿಟ್ಟರು. ಇಂದಿಗೂ ನಮ್ಮ ಮನೆಯಲ್ಲಿ ಅವಳು ಗುಂಡುಸೂಜಿಯೇ.

ಬೇಸಿಗೆ ಬಂದರೆ ಬೆವರಿಲ್ಲದ ಮೈ ಕಾದ ಹೆಂಚಾಗುತ್ತಿತ್ತು. ಅಮ್ಮ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯನ್ನು ಒಮ್ಮೆ ಗಿರಾಕಿಯ ಅಂಗಿಯ ಮೇಲೆ, ಒಮ್ಮೆ ಮಗಳ ಮೇಲೆ ಒತ್ತುತ್ತಿದ್ದರು. ‘ನಿನ್ನ ಬೆವರು ಈ ಬಾಟಲೀಲಿದೆ ಕಣೇ, ಮನೆ ಬಿಟ್ಟು ಹೋಗುವಾಗ ಮರೀಬೇಡ,’ ಎನ್ನುತ್ತಿದ್ದರು. ಅವಳು ನನ್ನ ಹಣೆಯ ಮೇಲೆ ಬೆರಳಾಡಿಸಿ, ನೆಕ್ಕಿ, ‘ನಿಂದು ಉಪ್ಪುಪ್ಪಾಗಿದೆ ಅಕ್ಕ, ನಂದೇ ಚೆನ್ನಾಗಿದೆ,’ ಎಂದು ಬೀಗುತ್ತಿದ್ದಳು.

ಇನ್ನೊಂದು ಸಂಗತಿ ಹೇಳಬೇಕು. ಹೊಲಿಯುವಾಗ ನನ್ನ ಬೆರಳಿಗೆ ಸೂಜಿ ಚುಚ್ಚಿದರೆ ನಾನು ‘ಸ್ಸ್’ ಎನ್ನುತ್ತಿದ್ದೆ, ಅಮ್ಮ ಬೆರಳು ಹಿಡಿದು ಉಫ್ ಎಂದು ಊದುತ್ತಿದ್ದರು. ತಂಗಿ ಇದನ್ನು ನೋಡಿ ನೋಡಿ, ಸೂಜಿ ಕೈಗೆತ್ತಿಕೊಂಡವರು ಹೀಗೆ ಅನ್ನುವುದೇ ಪದ್ಧತಿ ಎಂದು ತಿಳಿದಳು. ಸೂಜಿಗೆ ದಾರ ಪೋಣಿಸುವಾಗಲೂ ‘ಸ್ಸ್’, ಗುಂಡಿ ಎಣಿಸುವಾಗಲೂ ‘ಸ್ಸ್’. ಅಂದುಬಿಟ್ಟು ಬೆರಳನ್ನು ಅಮ್ಮನ ಮುಂದೆ ಚಾಚುತ್ತಿದ್ದಳು, ‘ನಂಗೂ ಊದು’ ಎಂದು. ಅಮ್ಮ ಅವಳಿಗೂ ಊದುತ್ತಿದ್ದರು. ನನಗಿಂತ ಒಂದು ಉಸಿರು ಹೆಚ್ಚಾಗಿಯೇ ಊದುತ್ತಿದ್ದರು. ಚುಚ್ಚಿಸಿಕೊಂಡವಳು ನಾನು, ಊದಿಸಿಕೊಳ್ಳುವವಳು ಅವಳು! ನನಗೆ ಎಷ್ಟು ಹೊಟ್ಟೆಕಿಚ್ಚಾಗುತ್ತಿತ್ತು ಗೊತ್ತೇ?

ಒಮ್ಮೆ ಅವಳು ಇಸ್ತ್ರಿ ಪೆಟ್ಟಿಗೆಯ ಮೇಲೆ ಅಂಗೈ ಊರಿಕೊಂಡು ನನ್ನ ಜೊತೆ ಮಾತಾಡುತ್ತಾ ನಿಂತಿದ್ದಳು. ಮೊದಲು ವಾಸನೆ ಬಂತು. ಆ ವಾಸನೆಯ ಬಗ್ಗೆ ನಾನು ಇನ್ನೇನೂ ಹೇಳುವುದಿಲ್ಲ. ಅಮ್ಮ ಕೈಗೆ ಬಟ್ಟೆ ಸುತ್ತಿ, ನಮ್ಮಿಬ್ಬರನ್ನೂ ಎಳೆದುಕೊಂಡು ದೊಡ್ಡಾಸ್ಪತ್ರೆಗೆ ಓಡಿದರು. ಕೈಗೆ ಮದ್ದು ಹಾಕಿದವರು ನರದ ಡಾಕ್ಟರ ಹತ್ತಿರ ಕಳಿಸಿದರು. ಆಗಷ್ಟೇ ಓದು ಮುಗಿಸಿ ಬಂದಿದ್ದ ಹೊಸ ಡಾಕ್ಟರು. ತಲೆ ತುಂಬ ಕೂದಲು, ಇಸ್ತ್ರಿ ಮುರಿಯದ ಕೋಟು. ಆ ಕೂದಲು ಈಗ ಎಲ್ಲಿ ಹೋಯಿತೋ ನಾನು ಹೇಳಲಾರೆ, ಆದರೆ ಆ ಡಾಕ್ಟರು ಇಂದಿನ ನಮ್ಮ ಅಧ್ಯಕ್ಷರು!

ಅಧ್ಯಕ್ಷರು ನಗುತ್ತಿದ್ದಾರೆ, ಆದ್ದರಿಂದ ಮುಂದುವರಿಯುತ್ತೇನೆ. ಡಾಕ್ಟರು ತಂಗಿಯನ್ನು ಎತ್ತರದ ಮಂಚದ ಮೇಲೆ ಕೂರಿಸಿದರು. ‘ಕಣ್ಣು ಮುಚ್ಕೋ ಪುಟ್ಟಿ. ನಾನು ಚುಚ್ಚಿದ್ರೆ ಹೂಂ ಅನ್ನು. ಚುಚ್ಚಲಿಲ್ಲ ಅಂದ್ರೆ ಇಲ್ಲ ಅನ್ನು,’ ಎಂದರು. ಅವಳು ಕಣ್ಣು ಮುಚ್ಚಿದಳು. ಡಾಕ್ಟರು ಕಾಲಿಗೆ ಸೂಜಿ ತಾಗಿಸಿದರು. ‘ಇಲ್ಲ,’ ಎಂದಳು. ತೋಳಿಗೆ ತಾಗಿಸಿದರು. ‘ಇಲ್ಲ.’ ಸ್ವಲ್ಪ ಹೊತ್ತು ಸುಮ್ಮನಿದ್ದರು, ಅವಳೂ ಸುಮ್ಮನಿದ್ದಳು. ಬೆನ್ನಿಗೆ ತಾಗಿಸಿದರು. ‘ಇಲ್ಲ!’

ಡಾಕ್ಟರು ಸೂಜಿ ಕೆಳಗಿಟ್ಟು ಅಮ್ಮನ ಕಡೆ ತಿರುಗಿದರು. ‘ನೋಡೀಮ್ಮಾ, ಇವಳಿಗೆ ಗೊತ್ತೇ ಆಗ್ತಿಲ್ಲ ಅನ್ನೋದಾದ್ರೆ, ಸರಿಯಾಗಿ ನಾನು ಚುಚ್ಚಿದ ಗಳಿಗೆಗೇ ಇಲ್ಲ ಅಂತ ಹೇಗೆ ಹೇಳ್ತಾಳೆ? ಜಾಣೆ ಇದಾಳೆ ನಿಮ್ಮ ಮಗಳು. ನಾಟಕ ಆಡ್ತಿದಾಳೆ.’

ತರ್ಕ ಹೇಗಿದೆ? ನ್ಯಾಯಾಧೀಶರು ತಲೆದೂಗುತ್ತಿದ್ದಾರೆ. ಯಾವ ನ್ಯಾಯಾಲಯದಲ್ಲೂ ನಿಲ್ಲುವ ತರ್ಕ. ಪೂರ್ತಿ ತಪ್ಪು!

ಮನೆಗೆ ಬಸ್ಸು ಹತ್ತಿದೆವು. ತಂಗಿ ಕಿಟಕಿಗೆ ಮುಖ ಹಚ್ಚಿ ಅಳುತ್ತಿದ್ದಳು. ಹೌದು, ಅಳುತ್ತಿದ್ದಳು. ಸುಟ್ಟ ಕೈಗೆ ಅಳದವಳು ‘ನಾಟಕ’ ಎಂಬ ಮಾತಿಗೆ ಅಳುತ್ತಿದ್ದಳು. ಆ ನೋವಿಗೆ ಈ ನರ ಬೇಕಾಗಿಲ್ಲ ನೋಡಿ. ನನಗೆ ತಡೆಯಲಾಗಲಿಲ್ಲ. ‘ಯಾಕೇ ಹಂಗಂದೆ? ಚುಚ್ಚಿದ್ದು ಗೊತ್ತಾಗ್ಲಿಲ್ಲ ಅಂದ್ರೆ ಸುಮ್ನಿರಬೇಕಿತ್ತು ತಾನೇ?’ ಎಂದೆ.

‘ಗೊತ್ತಾಯ್ತು ಅಕ್ಕ,’ ಎಂದಳು. ‘ಸೂಜಿ ಬಂದಿದ್ದು ಗೊತ್ತಾಯ್ತು. ಮುಟ್ಟಿತು, ಚುಚ್ಚಲಿಲ್ಲ. ಚುಚ್ಚಲಿಲ್ಲ ಅಂದ್ರೆ ಇಲ್ಲ ಅನ್ನು ಅಂತ ಅವರೇ ಹೇಳಿದ್ರಲ್ಲ?’

ಸಭಿಕರೇ, ಆ ವಾಕ್ಯವನ್ನು ನಾನು ಇಂದಿಗೂ ಎಷ್ಟು ಸಲ ಹೇಳಿಕೊಂಡರೂ ನನ್ನ ರೋಮ ನಿಮಿರುತ್ತದೆ. ಮುಟ್ಟಿತು, ಚುಚ್ಚಲಿಲ್ಲ! ಮುಟ್ಟಿದ ಸುದ್ದಿ ತರುವ ನರ ಬೇರೆ, ಚುಚ್ಚಿದ ಸುದ್ದಿ ತರುವ ನರ ಬೇರೆ. ಒಂದು ಇದೆ, ಇನ್ನೊಂದು ಇಲ್ಲ. ಪಠ್ಯಪುಸ್ತಕದಲ್ಲಿ ಒಂದು ಅಧ್ಯಾಯವೇ ಇರುವ ಈ ಸಂಗತಿಯನ್ನು ನನ್ನ ತಂಗಿ ಎರಡು ಪದದಲ್ಲಿ ಹೇಳಿದ್ದಳು. ನಮ್ಮ ಭಾಷೆ ಎಷ್ಟು ಮೋಸ ಮಾಡುತ್ತದೆ ನೋಡಿ: ಡಾಕ್ಟರಿಗೆ ಚುಚ್ಚುವುದು ಎಂದರೆ ತಾವು ಮಾಡುವ ಕೆಲಸ. ಟೈಲರ್ ಮಗಳಿಗೆ ಚುಚ್ಚುವುದು ಎಂದರೆ ಅಕ್ಕ ‘ಸ್ಸ್’ ಅನ್ನುವಾಗ ಅಕ್ಕನಿಗೆ ಆಗುವ ಅದೇನೋ ಒಂದು. ಒಂದೇ ಪದ, ಎರಡು ಕಡೆಯಿಂದ ಹಿಡಿದಿದ್ದರು.

ಅಮ್ಮ ತಂಗಿಯ ಮುಖವನ್ನೇ ನೋಡಿದರು. ಆಮೇಲೆ ಎದ್ದು ನಿಂತು, ‘ಇಳೀರಿ ಇಬ್ರೂ,’ ಎಂದರು. ಬಂದ ದಾರಿಯನ್ನೆಲ್ಲ ಬಿಸಿಲಲ್ಲಿ ನಡೆದೆವು. ಅಮ್ಮ ದಾರಿಯುದ್ದಕ್ಕೂ ಬಾಟಲಿ ಒತ್ತುತ್ತಿದ್ದರು. ಡಾಕ್ಟರು ಮೇಜಿನ ಹಿಂದೆ ಕೂತು ಬನ್ನು ತಿನ್ನುತ್ತಿದ್ದರು. ಅಮ್ಮ ಅಪ್ಪಣೆ ಕೇಳಲಿಲ್ಲ. ‘ಡಾಕ್ಟ್ರೇ, ನನ್ನ ಮಗಳು ಏನಂತಾಳೆ ಒಂದ್ಸಲ ಕೇಳಿ. ಕೇಳಿದ ಮೇಲೂ ನಾಟಕ ಅನ್ನಿಸಿದ್ರೆ ನಾನು ಸುಮ್ನೆ ಹೋಗ್ತೀನಿ,’ ಎಂದರು.

ತಂಗಿ ಹೇಳಿದಳು. ಅಧ್ಯಕ್ಷರೇ, ನಿಮ್ಮ ಮುಖ ಆಗ ಹೇಗಾಯಿತು ಎಂದು ನೀವು ನೋಡಿಲ್ಲ, ನಾನು ನೋಡಿದ್ದೇನೆ. ಬಾಯಲ್ಲಿದ್ದ ಬನ್ನು ಬಾಯಲ್ಲೇ ಉಳಿಯಿತು. ನೀವು ಒಂದು ಗುಂಡುಸೂಜಿ ಹುಡುಕಿದಿರಿ, ಸಿಗಲಿಲ್ಲ, ಅಮ್ಮ ಸೆರಗಿನಿಂದ ಕಿತ್ತು ಕೊಟ್ಟರು. ಒಮ್ಮೆ ಗುಂಡಿನ ಕಡೆಯಿಂದ ತಾಗಿಸಿದಿರಿ, ಒಮ್ಮೆ ಮೊನೆಯ ಕಡೆಯಿಂದ. ‘ಈಗ?’ ‘ಮುಟ್ಟಿತು.’ ‘ಈಗ?’ ‘ಮುಟ್ಟಿತು.’ ‘ಎರಡೂ ಒಂದೇ ಥರಾನಾ?’ ‘ಒಂದೇ ಥರ. ಬೇರೆ ಥರ ಇರುತ್ತಾ?’ ನೀವು ಕುರ್ಚಿಯನ್ನು ಬೀಳಿಸಿಕೊಂಡು ಕಾರಿಡಾರಿಗೆ ಓಡಿ, ನಿಮ್ಮ ಹಿರಿಯರನ್ನೆಲ್ಲ ಕೂಗಿ ಕರೆದಿರಿ. ಒಬ್ಬ ವಯಸ್ಸಾದ ಮನುಷ್ಯ ಹಾಗೆ ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ವಯಸ್ಸಾದವರು ಎಂದರೆ ಆಗ ನಿಮಗೆ ಮೂವತ್ತೂ ಇರಲಿಲ್ಲವೇನೋ, ನನ್ನ ಕಣ್ಣಿಗೆ ಹಾಗೆ! ಒಂದು ಸಂಗತಿ ತಿಳಿಯಿತೆಂದು ಹೀಗೂ ಓಡಬಹುದೇ? ಹಾಗಾದರೆ ನಾನೂ ಇದೇ ಕೆಲಸ ಮಾಡಬೇಕು ಎಂದುಕೊಂಡೆ. ನೀವು ಹಿಂದಿರುಗಿ ಬಂದು ತಂಗಿಯ ಮುಂದೆ ಮೊಣಕಾಲೂರಿ, ‘ತಪ್ಪು ನಂದು ಪುಟ್ಟಿ, ನಾನು ಕೇಳಿದ್ದೇ ಸರಿ ಇರಲಿಲ್ಲ,’ ಎಂದಿರಿ. ಅವಳು, ‘ಪರವಾಗಿಲ್ಲ ಬಿಡಿ, ಬನ್ನು ತಿನ್ನಿ,’ ಎಂದಳು.

ಕ್ಷಮಿಸಿ. ಫೋನು ಮಿನುಗಿತು.

ಇಲ್ಲ. ಸೋಫಾ ಮೇಲೆ ಅರ್ಧ ಬೆಲೆಯಂತೆ. ಈ ಅಂಗಡಿಯವರಿಗೆ ಗಳಿಗೆ ಎಂಬುದೇ ಇಲ್ಲವೇ? ನಮ್ಮ ಹೊಸ ಕಾಫಿ ಕೋಣೆಗೆ ಯಾರಾದರೂ ಬರೆದುಕೊಳ್ಳಿ.

ಎಲ್ಲಿದ್ದೆ? ನಾನು ಓದಿದೆ, ಇದೇ ಡಾಕ್ಟರ ಬಳಿ ಕೆಲಸಕ್ಕೆ ಸೇರಿದೆ. ನಮ್ಮ ಪ್ರಯೋಗಾಲಯದಲ್ಲಿ ಒಂದು ಕಟ್ಟಳೆ ಇದೆ, ನನ್ನ ವಿದ್ಯಾರ್ಥಿಗಳು ಅದನ್ನು ನಿದ್ದೆಯಲ್ಲೂ ಹೇಳುತ್ತಾರೆ: ಮೊದಲು ಮುಟ್ಟು, ನೋಡು, ಆಮೇಲೆ ಚುಚ್ಚು, ನೋಡು, ಎರಡನ್ನೂ ಬೇರೆ ಬೇರೆ ಹೇಳು. ಬಸ್ಸಿನಲ್ಲಿ ಹುಟ್ಟಿದ ಕಟ್ಟಳೆ ಇದು.

ಈ ವರ್ಷ ಏನಾಯಿತು? ಅದಕ್ಕೇ ತಾನೇ ಈ ಫಲಕ? ನೋವಿನ ನರಗಳಿಗೆ, ಮಗು ಗರ್ಭದಲ್ಲಿರುವಾಗ, ಬೆಳೆಯಿರಿ, ಬದುಕಿರಿ ಎಂದು ಒಂದು ಕರೆ ಬರುತ್ತದೆ. ಇಂಥ ಮಕ್ಕಳಲ್ಲಿ ಕರೆ ಬರುತ್ತದೆ, ಕೇಳಿಸಿಕೊಳ್ಳುವ ಕಿವಿ ಆ ನರಗಳಿಗೆ ಇರುವುದಿಲ್ಲ. ತಂಗಿಯ ಚರ್ಮದ ಚೂರೊಂದರಿಂದ ನಾವು ಗಾಜಿನ ತಟ್ಟೆಯಲ್ಲಿ ನರದ ಜೀವಕೋಶಗಳನ್ನು ಮಾಡಿದೆವು, ಅವುಗಳ ವಂಶವಾಹಿಯಲ್ಲಿ ತಪ್ಪಿದ್ದ ಒಂದಕ್ಷರವನ್ನು ತಿದ್ದಿದೆವು, ಕಾದೆವು. ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಏನೆಂದು ಹೇಳಲಿ, ಎಳೆ! ಜೀವಕೋಶಗಳಿಂದ ಸಣ್ಣ ಸಣ್ಣ ಎಳೆಗಳು ಹೊರಟಿವೆ! ನಾನು ಕೂಗಿದ ಕೂಗಿಗೆ ಕಾವಲಿನವರು ಬೆಂಕಿ ಬಿದ್ದಿತೆಂದು ಬಕೆಟ್ ಹಿಡಿದು ಬಂದರು. ಇದು ಔಷಧಿಯಲ್ಲ. ತಂದೆತಾಯಿಯರೇ, ನಿಮ್ಮ ಮುಖ ನೋಡಿಕೊಂಡೇ ಹೇಳುತ್ತೇನೆ, ಇದು ಇನ್ನೂ ಔಷಧಿಯಲ್ಲ, ತಟ್ಟೆಯಲ್ಲಿ ಹುಟ್ಟಿದ ಎಳೆ ಅಷ್ಟೇ. ಆದರೆ ಕರೆ ಕೇಳಿಸಿತು. ಕೇಳಿಸಿತು ಸ್ವಾಮಿ!

ತಂಗಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, ‘ನನ್ನ ಮೈಯಲ್ಲಿ ಇಲ್ಲದ್ದು ತಟ್ಟೇಲಿದೆ. ಚುಚ್ಚಬೇಡ ಪಾಪ, ಇದಕ್ಕೆ ಗೊತ್ತಾಗುತ್ತೆ,’ ಎಂದಳು.

ಅವಳೀಗ ಐಸ್‌ಕ್ರೀಂ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಬೆವರದವಳಿಗೆ ಇದಕ್ಕಿಂತ ತಣ್ಣನೆಯ ಕೆಲಸ ಎಲ್ಲಿ ಸಿಗಬೇಕು? ಗೋಡೆಯ ತಾಪಮಾಪಕ ನೋಡಿಯೇ ಸ್ವೆಟರ್ ಹಾಕುತ್ತಾಳೆ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಎಲ್ಲಿ ಸಿಕ್ಕಿದ ಎನ್ನುತ್ತೀರಿ? ಇದೇ ಸಭಾಂಗಣದಲ್ಲಿ, ಇಂಥದ್ದೇ ವಾರ್ಷಿಕೋತ್ಸವದಲ್ಲಿ! ಇದೇ ಕಾಯಿಲೆಯ ತಮ್ಮನನ್ನು ಕರೆದುಕೊಂಡು ಬಂದಿದ್ದ. ಕಾಫಿ ಲೋಟ ಕೈಗೆ ಕೊಡುವ ಮುಂಚೆ ತಾನೇ ಒಂದು ಗುಟುಕು ಕುಡಿದು, ‘ಬಿಸಿ ಇದೆ, ನಿಲ್ಲಿ,’ ಎಂದನಂತೆ. ಅಷ್ಟಕ್ಕೇ ಅವಳು ಸೋತಳು. ಮೊದಲು ದಿನಾ ಸಂಜೆ ಅವಳ ಅಂಗಾಲು ತಿರುಗಿಸಿ ನೋಡುವ ಕೆಲಸ ನನ್ನದಾಗಿತ್ತು. ಅಮ್ಮ ಹೋದ ಮೇಲೆ ಒಂದು ದಿನವೂ ತಪ್ಪಿಸಿರಲಿಲ್ಲ. ಅದಕ್ಕಾಗಿ ಊರು ಬಿಡಲಿಲ್ಲ, ಅದಕ್ಕಾಗಿ ಇನ್ನೂ ಕೆಲವನ್ನು ಬಿಟ್ಟೆ, ಇರಲಿ. ಈಗ ಅವನು ನೋಡುತ್ತಾನೆ. ಚೆನ್ನಾಗಿಯೇ ನೋಡುತ್ತಾನೆ. ಬೆರಳ ಸಂದಿ ನೋಡುತ್ತಾನೋ ಇಲ್ಲವೋ ಎಂದು ಭಾನುವಾರ ಹೋದಾಗ ನಾನೊಮ್ಮೆ ನೋಡಿ ಬರುತ್ತೇನೆ, ಅಷ್ಟೇ. ಸಂಜೆಗಳು ಮಾತ್ರ ಈಗ ಬಹಳ ಉದ್ದ ಎನಿಸುತ್ತವೆ. ಇದನ್ನೇಕೆ ಹೇಳಿದೆನೋ.

ವಿಷಯಕ್ಕೆ ಬರುತ್ತೇನೆ. ಮೈಗೆ ಬೇಕಾದ ಒಂದೊಂದಕ್ಕೂ ಟೈಲರ್ ಇಟ್ಟುಕೊಳ್ಳುವಂಥ ಎರಡೆರಡು ಕಾಗದದ ಅಚ್ಚು ಇರುತ್ತವೆ, ಅಪ್ಪನದೊಂದು, ಅಮ್ಮನದೊಂದು. ಒಂದು ಹರಿದಿದ್ದರೂ ಇನ್ನೊಂದನ್ನಿಟ್ಟು ಬಟ್ಟೆ ಕತ್ತರಿಸಬಹುದು. ತಂಗಿಯ ಎರಡೂ ಹರಿದಿವೆ. ಅವಳ ಗಂಡನದು ಒಂದು ಹರಿದಿದೆ, ಒಂದು ಸರಿ ಇದೆ. ಪತ್ತೆ ಹಚ್ಚಿದವಳು ನಾನೇ. ಹಾಗಾದರೆ ಮಗುವಿಗೆ? ಅರ್ಧಕ್ಕರ್ಧ. ನಾಣ್ಯ ಮೇಲಕ್ಕೆಸೆದ ಹಾಗೆ.

ಗರ್ಭದಲ್ಲೇ ಪರೀಕ್ಷೆ ಮಾಡೋಣ ಎಂದೆ. ಅವಳು ಬೇಡವೆಂದಳು. ‘ನನ್ನಂಥದ್ದೇ ಹುಟ್ಟಿದ್ರೆ ಏನಾಯ್ತು? ನಾನಿಲ್ವಾ?’ ಎಂದಳು. ಇಷ್ಟು ವರ್ಷ ಈ ಕಾಯಿಲೆಯ ಮೇಲೆ ಭಾಷಣ ಮಾಡಿದವಳು ಪರೀಕ್ಷೆಯ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಆಗ ಅವಳೇ, ‘ಆದ್ರೆ ಹಾಗಾಗದಿರಲಿ ಅಕ್ಕ. ಇಸ್ತ್ರಿ ಪೆಟ್ಟಿಗೆ ನೆನಪಾಗುತ್ತೆ,’ ಎಂದಳು. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಇಷ್ಟು ಹೊತ್ತು ನಗಿಸುತ್ತಾ ನಿಂತಿದ್ದೇನಲ್ಲ, ಕಣ್ಣು ಮಾತ್ರ ಫೋನಿನ ಮೇಲೆಯೇ ಇದೆ.

ಹೆರಿಗೆಯದೇ ಒಂದು ಕಥೆ. ನೋವೇ ಇಲ್ಲದವಳಿಗೆ ಹೆರಿಗೆನೋವು ತಿಳಿಯುವುದು ಹೇಗೆ? ‘ಹೊಟ್ಟೆ ಮೇಲೆ ಕೈ ಇಟ್ಕೊಂಡೇ ಇರು, ಕಲ್ಲಿನ ಹಾಗೆ ಗಟ್ಟಿಯಾಗಿ, ಸಡಿಲಾಗಿ, ಮತ್ತೆ ಗಟ್ಟಿಯಾದ್ರೆ ಹೊರಡು,’ ಎಂದು ಹೇಳಿಕೊಟ್ಟಿದ್ದೆ. ಮೊನ್ನೆ ಬೆಳಿಗ್ಗೆ ಫೋನು ಮಾಡಿದಳು: ‘ಕಲ್ಲಾಯ್ತು ಅಕ್ಕ, ತಿಂಡಿ ತಿಂದು ಹೊರಡ್ಲಾ?’

ಇಂದು ಇಲ್ಲಿಗೆ ಹೊರಡುವ ಮುಂಚೆ ಅವಳಿಗೆ ಒತ್ತಿ ಒತ್ತಿ ಹೇಳಿ ಬಂದಿದ್ದೇನೆ. ಮಗು ಅತ್ತಿತು ಎಂದರೆ ಸಾಲದು. ಎಳೆ ಮಕ್ಕಳು ತಣ್ಣನೆಯ ಕೈ ಮುಟ್ಟಿದರೂ ಅಳುತ್ತವೆ, ಹಸಿವಿಗೂ ಅಳುತ್ತವೆ. ನರ್ಸಮ್ಮನಿಗೆ ಹೇಳು, ಮೊದಲು ಕಾಲು ಹಿಡಿದು ಸುಮ್ಮನೆ ಒತ್ತಲಿ. ಏನು ಮಾಡುತ್ತಾನೆ ನೋಡು. ಆಮೇಲೆ ಸೂಜಿ, ಏನು ಮಾಡುತ್ತಾನೆ ನೋಡು. ಎರಡನ್ನೂ ಬೇರೆ ಬೇರೆ ಹೇಳು ಎಂದೆ. ‘ಸರಿ ಮೇಡಂ!’ ಎಂದು ನಕ್ಕಳು. ರಕ್ತದ ಪೂರ್ತಿ ವರದಿ ನಿಧಾನವಾಗಿ ಬರುತ್ತದೆ, ಅದೇ ಕಡೆಯ ಮಾತು, ನಾನು ವಿಜ್ಞಾನಿ, ನನಗೆ ಗೊತ್ತು. ಆದರೆ ಈ ಗಳಿಗೆಯಲ್ಲಿ ನಾನು ವಿಜ್ಞಾನಿಯೇ? ನಾನು ಅವನ ದೊಡ್ಡಮ್ಮ.

ಬಂತು.

ಬಂತು, ಅವಳದೇ. ಒಂದು ನಿಮಿಷ, ಕನ್ನಡಕ... ಓದುತ್ತೇನೆ, ನಿಮಗೂ ಕೇಳಲಿ. ‘ನರ್ಸ್ ಕಾಲು ಹಿಡಿದರು. ಒತ್ತಿದರು. ನಿದ್ದೆ ಮಾಡ್ತಾನೇ ಇದಾನೆ.’ ಸರಿ. ಸರಿ ಕಣೇ. ಆಮೇಲೆ? ಇಲ್ಲ, ಅಷ್ಟೇ ಇದೆ. ಬರೆಯುತ್ತಿದ್ದಾಳೆ. ಚುಕ್ಕಿ ಓಡುತ್ತಿದೆ. ದಯವಿಟ್ಟು ಯಾರೂ ಕೆಮ್ಮಬೇಡಿ.

‘ಚುಚ್ಚಿತು.’

ಸಭಿಕರೇ, ಚುಚ್ಚಿತು! ಅಧ್ಯಕ್ಷರೇ, ಚುಚ್ಚಿತಂತೆ! ಮುಟ್ಟಿದಾಗ ನಿದ್ದೆ, ಸೂಜಿಗೆ... ಕೂತುಕೊಳ್ಳಿ ಸಾರ್, ಮತ್ತೆ ಕುರ್ಚಿ ಬೀಳಿಸುತ್ತೀರಿ! ತಡೆಯಿರಿ, ಇನ್ನೊಂದು ಬಂತು.

‘ಅಕ್ಕ, ಚುಚ್ಚೋದು ಅಂದ್ರೆ ಇಷ್ಟೊಂದಾ? ನಿಂಗೆ ಪ್ರತಿ ಸಲ ಇಷ್ಟೊಂದು ಆಗ್ತಿತ್ತಾ? ನಿಲ್ಲಿಸ್ತಾನೇ ಇಲ್ಲ. ನಂಗೆ ಗೊತ್ತಾಗ್ತಿಲ್ಲ, ಏನು ಮಾಡ್ಲಿ?’

ಕ್ಷಮಿಸಿ. ನನ್ನ ಭಾಷಣದಲ್ಲಿ ಇನ್ನೂ ಎರಡು ಪುಟ ಉಳಿದಿತ್ತು, ಮುಂದಿನ ಸಂಶೋಧನೆಯ ದಿಕ್ಕು, ಸರ್ಕಾರಕ್ಕೆ ಮನವಿ ಇತ್ಯಾದಿ. ಅದನ್ನು ನಿರ್ದೇಶಕರು ಓದಿ ಹೇಳುತ್ತಾರೆ. ನನ್ನ ತಂಗಿ ಹುಟ್ಟಿದ ಮೇಲೆ ಮೊದಲ ಸಲ ನೋವನ್ನು ಇಷ್ಟು ಹತ್ತಿರದಿಂದ ನೋಡುತ್ತಾ ಕೂತಿದ್ದಾಳೆ, ಅದೂ ತನ್ನ ಮಗನ ಮುಖದಲ್ಲಿ. ಏನು ಮಾಡಲಿ ಎಂದು ಕೇಳಿದ್ದಾಳೆ. ಇಷ್ಟು ವರ್ಷದ ಸಂಶೋಧನೆಯಲ್ಲಿ ನನಗೆ ಇಷ್ಟು ಸುಲಭದ ಪ್ರಶ್ನೆ ಯಾರೂ ಕೇಳಿರಲಿಲ್ಲ. ಉತ್ತರ ಎರಡೇ ಅಕ್ಷರ. ನಿಮ್ಮೆದುರಿಗೇ ಬರೆದು ಕಳಿಸುತ್ತಿದ್ದೇನೆ.

‘ಊದು.’

ಹೋಯಿತು. ಅವಳಿಗೆ ಊದಿಸಿಕೊಂಡು ಮಾತ್ರ ಅಭ್ಯಾಸ, ಊದಿ ಗೊತ್ತಿಲ್ಲ, ನಾನು ಹೋಗಿ ತೋರಿಸಿಕೊಡಬೇಕು. ಫಲಕ ಇಲ್ಲೇ ಇರಲಿ, ಸಂಜೆ ಬಂದು ತೆಗೆದುಕೊಳ್ಳುತ್ತೇನೆ. ನನ್ನನ್ನು ಕರೆದು ಗೌರವಿಸಿದ ಕೇಂದ್ರಕ್ಕೆ, ಅಂದು ಬನ್ನು ಬಿಟ್ಟು ಎದ್ದ ನನ್ನ ಗುರುಗಳಿಗೆ, ಬಸ್ಸಿಳಿದು ಹಿಂದಿರುಗಿದ ಅಮ್ಮನಿಗೆ, ಕೆಮ್ಮದೆ ಕೂತ ನಿಮಗೆಲ್ಲರಿಗೂ ನನ್ನ ಧನ್ಯವಾದ. ನಾಲ್ಕೇ ಬೀದಿ, ಓಡುತ್ತೇನೆ. ನಮಸ್ಕಾರ.